ಕಾಲು ಸುತ್ತು

ಅವ್ವನಿಗೆ ಬಾಣಲೆಯ ಹಿಡಿ ಅಲ್ಲಾಡಿದರೂ ನಾನೇ ಬೇಕಿತ್ತು. ಅರಸೀಕೆರೆಯಲ್ಲಿ ನಮ್ಮ ಮನೆ ರೈಲು ಹಳಿಗೆ ಎಷ್ಟು ಹತ್ತಿರವಿತ್ತೆಂದರೆ, ಗೂಡ್ಸ್ ಗಾಡಿ ಹೋದಾಗಲೆಲ್ಲ ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಲೋಟದ ಮಾತು ಬಿಡಿ. ಕಿಟಕಿಯ ಕೀಲು, ಟ್ರಂಕಿನ ಚಿಲಕ, ಫ್ಯಾನಿನ ಬುಡ, ಇಳಿಗೆಮಣೆ, ಹೀಗೆ ಸ್ಕ್ರೂ ಇರುವ ಯಾವ ವಸ್ತುವೂ ನಮ್ಮ ಮನೆಯಲ್ಲಿ ಎರಡು ತಿಂಗಳು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅಪ್ಪ ಕೆಲಸಕ್ಕೆ ಹೋದ ಮೇಲೆ ಅವೆಲ್ಲ ನನ್ನ ಪಾಲಿಗೆ. ಅವ್ವನಿಗೆ ಸ್ಕ್ರೂಡ್ರೈವರ್ ಕಂಡರೆ ಒಂದು ಥರದ ದಿಗಿಲು. ಯಾವ ಕಡೆ ತಿರುಗಿಸಿದರೆ ಬಿಗಿ, ಯಾವ ಕಡೆ ತಿರುಗಿಸಿದರೆ ಸಡಿಲ ಎಂಬುದು ಕೊನೆಯವರೆಗೂ ಅವಳ ತಲೆಗೆ ಹತ್ತಲಿಲ್ಲ.

"ಗೌತಮೀ, ಬಾರವ್ವ ಇಲ್ಲಿ. ಇದು ಕೈ ಕೊಡ್ತಾ ಐತೆ."

ಅಷ್ಟು ಅಂದರೆ ಸಾಕು, ಹನ್ನೊಂದು ವರ್ಷದ ನಾನು ದೊಡ್ಡ ಮೇಸ್ತ್ರಿಯ ಗತ್ತಿನಲ್ಲಿ ಎದ್ದು ಹೋಗುತ್ತಿದ್ದೆ. ಆ ಗತ್ತೇ ನನ್ನನ್ನು ಹಾಳು ಮಾಡಿದ್ದು. ಅದೇ ನನ್ನ ಹೊಟ್ಟೆಗೆ ಹಿಟ್ಟು ಕೊಟ್ಟದ್ದೂ ಹೌದು. ಈ ವಯಸ್ಸಿನಲ್ಲಿ ಸುಳ್ಳು ಹೇಳಿ ನನಗೇನು ಸಿಗಬೇಕು? ಎರಡನ್ನೂ ಬರೆದುಬಿಡುತ್ತೇನೆ.

ಮನೆ ಅಂದರೆ ಮೂರು ಕೋಣೆ, ಒಂದರ ಹಿಂದೆ ಒಂದು. ಮುಂದಿನದು ಅಪ್ಪನದು. ಅಲ್ಲಿ ಅವನ ಮಂಚ, ಮಂಚದ ಕೆಳಗೆ ಕಪ್ಪು ಟ್ರಂಕು, ಗೋಡೆಯ ಮೇಲೆ ಬುದ್ಧನ ಪಟ. ನಡುವಿನದು ಅಕ್ಕ ಸಾವಿತ್ರಿಯದು ಮತ್ತು ನನ್ನದು. ಕೊನೆಯದು ಅಡುಗೆಮನೆ. ಅದರ ಮೇಲಿನ ಹಲಗೆಯಲ್ಲಿ, ರಾಗಿಹಿಟ್ಟಿನ ಡಬ್ಬದ ಹಿಂದೆ, ಅವ್ವನ ದೇವರುಗಳು ಅಡಗಿ ಕೂತಿದ್ದವು. ಅಪ್ಪ ಸೈನ್ಯದಲ್ಲಿದ್ದಾಗ ಜೊತೆಗಾರರ ಸಹವಾಸದಲ್ಲಿ ಬುದ್ಧನ ದಾರಿ ಹಿಡಿದಿದ್ದ. ಅಕ್ಕ ಅದಕ್ಕೆ ಮುಂಚೆ ಹುಟ್ಟಿದವಳು, ಹಾಗಾಗಿ ಸಾವಿತ್ರಿ. ನಾನು ಆಮೇಲೆ ಹುಟ್ಟಿದವಳು, ಹಾಗಾಗಿ ಗೌತಮಿ. ಅವ್ವ ಬೇಲೂರು ಕಡೆಯ ಗೆಂಡೆಹಳ್ಳಿಯವಳು. ತವರಿನಿಂದ ಬರುವಾಗ ತಂದ ಕುಂಕುಮದ ಮರದ ಭರಣಿಯನ್ನು ಯಾವ ಬುದ್ಧ ಬಂದರೂ ಬಿಟ್ಟುಕೊಡುವವಳಲ್ಲ. ದಿನಾ ಬೆಳಿಗ್ಗೆ ಅಪ್ಪ ಮುಂದಿನ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಾಗ, ಇವಳು ಹಿಂದಿನ ಕೋಣೆಯಲ್ಲಿ ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಹಿಡಿದುಕೊಂಡು ಸದ್ದಿಲ್ಲದೆ ಆರತಿ ಎತ್ತುವಳು. ಅಪ್ಪನಿಗೆ ಕರ್ಪೂರದ ವಾಸನೆ ಬರುತ್ತಿರಲಿಲ್ಲವೇ? ಬರುತ್ತಿತ್ತು. ಅಡುಗೆಮನೆಯ ಹೊಸ್ತಿಲೇ ಗಡಿ ಎಂದು ಇಬ್ಬರೂ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿದ್ದರು.

ಆ ಕಪ್ಪು ಟ್ರಂಕಿನಲ್ಲಿ ಒಂದು ರೈಫಲ್ ಇತ್ತು. ಅಪ್ಪ ಸೈನ್ಯದಲ್ಲಿ ಬಂದೂಕು ರಿಪೇರಿಯವನು. ಹೊಡೆದದ್ದಕ್ಕಿಂತ ಬಿಚ್ಚಿ ಜೋಡಿಸಿದ್ದೇ ಹೆಚ್ಚು. ಹವಾಲ್ದಾರನಾಗಿ ನಿವೃತ್ತನಾಗಿ ಬಂದು ಊರಿನ ಒಂದು ಬ್ಯಾಂಕಿನಲ್ಲಿ ಗಾರ್ಡ್ ಆಗಿದ್ದ. ಅವನ ಕೈಕೆಲಸ ಮೆಚ್ಚಿದ್ದ ಅಧಿಕಾರಿಯೊಬ್ಬರು ತಮ್ಮ ಗುರಿ ಅಭ್ಯಾಸದ ಸಣ್ಣ ರೈಫಲನ್ನು ಕಾಗದಪತ್ರ ಮಾಡಿಸಿ ಅವನಿಗೇ ಕೊಟ್ಟಿದ್ದರು. ಲೈಸೆನ್ಸ್ ಪುಸ್ತಕ ಬುದ್ಧನ ಪಟದ ಹಿಂದೆ ಇರುತ್ತಿತ್ತು. ಓಣಿಯವರಿಗೆ ಅದೊಂದು ತಮಾಷೆ.

"ಏನ್ ಸುಬೇದಾರ್ರೇ, ಬುದ್ಧನ ಮನೇಲಿ ಬಂದೂಕಾ?"

"ಇದು ಕಾಗದ ಹೊಡೆಯೋ ಬಂದೂಕು ಕಣ್ರೀ. ಇವತ್ತಿನ ತನಕ ಇದರಿಂದ ಒಂದು ಇರುವೆ ಸತ್ತಿಲ್ಲ."

ಅಪ್ಪ ಸುಬೇದಾರ್ ಆಗಿರಲೇ ಇಲ್ಲ. ಬಡ್ತಿ ಕೊಟ್ಟದ್ದು ಓಣಿ. ಅವನು ತಿದ್ದಲಿಲ್ಲ, ಪಾಪ, ಅಷ್ಟು ಸುಖ ಇರಲಿ ಬಿಡಿ.

ಭಾನುವಾರ ಊಟವಾದ ಮೇಲೆ ಅಪ್ಪ ಚಾಪೆ ಹಾಸಿ ರೈಫಲ್ ಬಿಚ್ಚುವನು. ನಾನು ಎದುರಿಗೆ ಕೂರುವೆ. ಹೊರಗಿನವರು ಬಂದೂಕು ಅಂದರೆ ಒಂದೇ ವಸ್ತು ಅಂದುಕೊಳ್ಳುತ್ತಾರೆ. ಅದು ಎರಡು. ಮೇಲೆ ಕಬ್ಬಿಣ, ಕೆಳಗೆ ಮರ. ಮರದ ಮೈಯಲ್ಲಿ ಕಬ್ಬಿಣ ಕೂರುವಷ್ಟು ಜಾಗ ಕೆತ್ತಿರುತ್ತಾರೆ. ಎರಡನ್ನೂ ಕೂಡಿಸಿ ಹಿಡಿದಿರುವುದು ಎರಡೇ ಎರಡು ಸ್ಕ್ರೂ, ಕುದುರೆಯ, ಅಂದರೆ ಬೆರಳಿಟ್ಟು ಎಳೆಯುವ ಟ್ರಿಗರಿನ ಮುಂದೊಂದು, ಹಿಂದೊಂದು. ಅಪ್ಪ ರೈಫಲನ್ನು ನೆಟ್ಟಗೆ, ಬುಡ ನೆಲಕ್ಕೆ ತಾಗುವಂತೆ ನಿಲ್ಲಿಸಿ, ಕಬ್ಬಿಣ ತನ್ನ ಭಾರಕ್ಕೆ ತಾನೇ ಮರದಲ್ಲಿ ಕೂರಲು ಬಿಡುತ್ತಿದ್ದ. ಆಮೇಲೆ ಮುಂದಿನದನ್ನು ಎರಡು ಬೆರಳಲ್ಲಿ ನಿಲ್ಲುವವರೆಗೆ ತಿರುಗಿಸುವನು. ಹಿಂದಿನದನ್ನೂ ಹಾಗೇ. ಮತ್ತೆ ಮುಂದಿನದು ಸ್ವಲ್ಪ, ಹಿಂದಿನದು ಸ್ವಲ್ಪ. ಕೊನೆಗೆ ಪೇರಲ ಮರದ ಹಿಡಿಯ ಆ ಅಗಲ ಬಾಯಿಯ ಸ್ಕ್ರೂಡ್ರೈವರ್ ಹಿಡಿದು ಎರಡಕ್ಕೂ ಕಾಲು ಸುತ್ತು. ಅಲ್ಲಿಗೆ ಬಿಟ್ಟ.

"ಬಿಗಿ ಅಂದ್ರೆ ಬಲ ಅಲ್ಲ ಕಣೇ. ಅಳತೆ. ನಿಂತ ಮೇಲೆ ಕಾಲು ಸುತ್ತು, ಅಷ್ಟೇ. ಅದಕ್ಕಿಂತ ಜಾಸ್ತಿ ಕೇಳಿದ್ರೆ ಮರ ಸೇಡು ತೀರಿಸಿಕೊಳ್ಳುತ್ತೆ."

ನಾನು ತಲೆಯಾಡಿಸುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ, ಇದೆಲ್ಲ ಮಿಲಿಟರಿಯವರ ಶಾಸ್ತ್ರ, ಗಟ್ಟಿಯಾಗಿದ್ದಷ್ಟೂ ಒಳ್ಳೆಯದಲ್ಲವೇ ಅಂದುಕೊಳ್ಳುತ್ತಿದ್ದೆ. ಬಾಣಲೆಯ ಹಿಡಿಗೆ ನಾನು ಹಾಕುತ್ತಿದ್ದ ಬಿಗಿಗೆ ಅವ್ವ "ಭೇಷ್" ಅನ್ನುತ್ತಿದ್ದಳಲ್ಲ! ರೈಫಲಿನ ಸ್ಕ್ರೂಗೆ ನನ್ನ ಕೈ ತಾಗಿಸಲು ಅಪ್ಪ ಬಿಟ್ಟಿರಲಿಲ್ಲ. ನೋಡು, ಮುಟ್ಟಬೇಡ. ಈ ಮಾತು ನನಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಆ ರೈಫಲ್ ಹೊಡೆಯುವವಳು ಅಕ್ಕ. ನನಗಿಂತ ಏಳು ವರ್ಷ ದೊಡ್ಡವಳು, ಕಾಲೇಜಿನ ಮೊದಲ ವರ್ಷ, ಎನ್‌ಸಿಸಿ. ಅವಳ ಕೈಯಲ್ಲಿ ಒಂದು ಸ್ಥಿರತೆ ಇತ್ತು. ತುಂಬಿದ ಕೊಡ ತಲೆಯ ಮೇಲಿಟ್ಟುಕೊಂಡು ಬಂದರೆ ಒಂದು ಹನಿ ತುಳುಕುತ್ತಿರಲಿಲ್ಲ. ಅಪ್ಪನ ಊರು ಕಣಕಟ್ಟೆಯ ಆಚೆ ಪಾಳುಬಿದ್ದ ಕಲ್ಲುಕ್ವಾರಿಯೊಂದಿತ್ತು. ಸುತ್ತ ಜನರಿಲ್ಲ, ಎದುರಿಗೆ ಮಣ್ಣಿನ ದಿಬ್ಬ. ಅಲ್ಲಿ ಗೋಣಿಚೀಲದ ಮೇಲೆ ಕಾಗದ ಅಂಟಿಸಿ ಅಪ್ಪ ಅವಳಿಗೆ ಕಲಿಸುತ್ತಿದ್ದ. ಐದು ಗುಂಡು ಹೊಡೆದರೆ ಐದೂ ಒಂದು ಎಂಟಾಣೆಯ ಕೆಳಗೆ ಮುಚ್ಚಿಹೋಗುತ್ತಿದ್ದವು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅಪ್ಪ ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ನೋಡುವನು. ನನ್ನ ಲೆಕ್ಕದ ಪುಸ್ತಕವನ್ನು ಅವನು ಒಮ್ಮೆಯೂ ಹಾಗೆ ನೋಡಿರಲಿಲ್ಲ, ಹೊಟ್ಟೆಕಿಚ್ಚಿತ್ತು ಎಂದರೆ ಇತ್ತು.

ಆ ವರ್ಷ ಬೇಲೂರಿನಿಂದ ಅಕ್ಕನಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಒಳ್ಳೆಯವನೇ. ಅವ್ವನಿಗೆ ಬಿಟ್ಟುಕೊಡಲು ಮನಸ್ಸಿಲ್ಲ, ಅಕ್ಕನಿಗೆ ಒಪ್ಪಲು ಮನಸ್ಸಿಲ್ಲ. ಒಂದು ರಾತ್ರಿಯೂಟದ ಹೊತ್ತಿಗೆ ಮುದ್ದೆ ಮುರಿಯುತ್ತಾ ಅಪ್ಪ ತೀರ್ಪು ಕೊಟ್ಟ. ದಸರೆಯ ವಾರದಲ್ಲಿ ಹಾಸನದಲ್ಲಿ ಜಿಲ್ಲೆಯ ಆಯ್ಕೆ ಇತ್ತು, ಸ್ವಂತ ರೈಫಲ್ ತರಬಹುದಿತ್ತು. ಅಲ್ಲಿ ಗೆದ್ದರೆ ರಾಜ್ಯದ ಶಿಬಿರ, ಶಿಬಿರ ಮುಗಿಸಿದರೆ ಪೊಲೀಸ್ ಇಲಾಖೆಯಲ್ಲಿ ಆಟಗಾರರ ಕೋಟಾದ ಕೆಲಸಕ್ಕೆ ದಾರಿ.

"ಗೆದ್ರೆ ಮದುವೆ ಮಾತು ಮೂರು ವರ್ಷ ಯಾರೂ ಎತ್ತಬಾರದು. ಸೋತ್ರೆ ಬೇಲೂರು."

"ಆಯ್ತು ಕಣಪ್ಪ" ಎಂದಳು ಅಕ್ಕ. ಅವಳ ಮುಖದಲ್ಲಿ ಒಂದು ಚೂರು ಭಯವಿರಲಿಲ್ಲ. ಸೋಲುವ ಮಾತೇ ಅವಳ ತಲೆಯಲ್ಲಿರಲಿಲ್ಲ.

ಆಯ್ಕೆಗೆ ಒಂದು ವಾರ ಮುಂಚೆ ಅಪ್ಪ ಕ್ವಾರಿಯಲ್ಲಿ ರೈಫಲಿನ ಗುರಿ ಸರಿಮಾಡಿ, ಕ್ಯಾನ್ವಾಸಿನ ಚೀಲದಲ್ಲಿ ಹಾಕಿ, ಟ್ರಂಕಿನಲ್ಲಿಟ್ಟ. ಒಂದು ಸಲ ಗುರಿ ಕೂತ ಮೇಲೆ ಸ್ಕ್ರೂ ಮುಟ್ಟಬಾರದು, ಮುಟ್ಟಿದರೆ ಮತ್ತೆ ಹೊಡೆದು ನೋಡಿಯೇ ಗುರಿ ಕೂರಿಸಬೇಕು.

"ಇನ್ನು ಆ ದಿನದವರೆಗೆ ಇದು ದೇವರು. ಯಾರೂ ಕೈ ಹಾಕೋ ಹಂಗಿಲ್ಲ."

ಅವ್ವ ಅಡುಗೆಮನೆಯಿಂದಲೇ ಮಾತು ಹಿಡಿದಳು.

"ನೀವೇ ದೇವರು ಅಂದ್ರಲ್ಲ! ಹಂಗಾರೆ ಆಯುಧಪೂಜೆ ದಿನ ಒಂದು ಬೊಟ್ಟು ಕುಂಕುಮ ಇಡ್ತೀನಿ."

"ನಮ್ಮ ಮನೇಲಿ ಬಂದೂಕಿಗೆ ಪೂಜೆ ಇಲ್ಲ. ಎಷ್ಟು ಸಲ ಹೇಳಲಿ?"

"ಬ್ಯಾಂಕಿನ ಬಂದೂಕಿಗೆ ಮ್ಯಾನೇಜರ್ರು ಹೂವಿನ ಹಾರ ಹಾಕ್ದಾಗ ಅಟೆನ್ಷನ್ನಲ್ಲಿ ನಿಂತಿರ್ತೀರಲ್ಲ?"

"ಅದು ಅವರ ಬಂದೂಕು!"

ಅಕ್ಕ ನಕ್ಕುಬಿಟ್ಟಳು. ಅಪ್ಪ ನಗಲಿಲ್ಲ. ಅವ್ವನೂ ನಗಲಿಲ್ಲ. ಮಗಳು ಪರಸ್ಥಳಕ್ಕೆ ಹೋಗಿ ನೂರು ಜನರೆದುರು ನಿಲ್ಲುವವಳು, ಅವಳ ಕೈಯಲ್ಲಿರುವ ವಸ್ತುವಿಗೆ ಪೂಜೆಯಿಲ್ಲದೆ ಹೇಗೆ ಕಳಿಸುವುದು ಎಂಬುದು ಅವ್ವನ ಸಂಕಟ. ಅದು ಮೂಢತನವೋ ಪ್ರೀತಿಯೋ ಎಂದು ಬೇರೆ ಬೇರೆ ಮಾಡಲು ನನಗೆ ಇವತ್ತಿಗೂ ಬರುವುದಿಲ್ಲ.

ಆಯುಧಪೂಜೆಯ ದಿನ ಅಪ್ಪನಿಗೆ ಬ್ಯಾಂಕಿನಲ್ಲಿ ಕಾವಲು. ಅಕ್ಕ ಕಾಲೇಜಿನ ಗೆಳತಿಯ ಮನೆಗೆ ಹೋಗಿದ್ದಳು. ಅವ್ವ ಇಳಿಗೆಮಣೆ, ಹೊಲಿಗೆ ಮೆಷಿನ್, ನನ್ನ ಕಂಪಾಸ್ ಪೆಟ್ಟಿಗೆ ಎಲ್ಲವನ್ನೂ ತೊಳೆದು ಒರೆಸಿ ಸಾಲಾಗಿಟ್ಟಳು. ಆಮೇಲೆ ಸೆರಗಿನ ಗಂಟಿನಿಂದ ಟ್ರಂಕಿನ ಕೀಲಿ ತೆಗೆದಳು. ರೈಫಲನ್ನು ಎರಡು ಕೈಯಲ್ಲಿ, ಕೂಸನ್ನು ಎತ್ತಿದಂತೆ ಎತ್ತಿ ಮಣೆಯ ಮೇಲಿಟ್ಟು, ಚೊಂಬು ತಂದಳು.

"ಅವ್ವಾ, ನೀರು ಸೋಕಿಸಬ್ಯಾಡ! ತುಕ್ಕು ಹಿಡಿಯುತ್ತೆ."

"ತೊಳೀದೆ ಪೂಜೆ ಹೆಂಗೆ ಮಾಡಾದು?"

"ನಾನು ಎಣ್ಣೇಲಿ ಒರೆಸಿ ಕೊಡ್ತೀನಿ."

"ಹಂಗಾರೆ ಒರೆಸವ್ವ. ಒಬ್ಬಟ್ಟು ಹೊತ್ತೋಯ್ತದೆ, ನಾ ಒಳಗಿರ್ತೀನಿ."

ಮೇಲೆ ಮೇಲೆ ಒರೆಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವ್ವ ಕೇಳಿದ್ದು ಅಷ್ಟನ್ನೇ. ಆದರೆ ಅಪ್ಪನ ಬಟ್ಟೆಯ ಸುರುಳಿಯಲ್ಲಿ ಪೇರಲ ಹಿಡಿಯ ಸ್ಕ್ರೂಡ್ರೈವರ್ ನನ್ನನ್ನೇ ನೋಡುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲ. ಎರಡೂ ಸ್ಕ್ರೂ ಬಿಚ್ಚಿದೆ. ಕಬ್ಬಿಣ ಮರದಿಂದ ಮೇಲೆದ್ದು ಬಂತು. ಒಳಗಿನ ಮರ ಬಿಳಿಚಿಕೊಂಡು ಒಣಗಿದಂತಿತ್ತು. ಅಯ್ಯೋ ಪಾಪ ಅನ್ನಿಸಿ ಕಣಕಟ್ಟೆಯ ಗಾಣದ ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಉಜ್ಜಿದೆ. ಮತ್ತೆ ಜೋಡಿಸುವಾಗ ರೈಫಲನ್ನು ನಿಲ್ಲಿಸಲಿಲ್ಲ, ತೊಡೆಯ ಮೇಲೆ ಮಲಗಿಸಿಕೊಂಡೆ. ಹಿಂದಿನ ಸ್ಕ್ರೂ ಕೈಗೆ ಹತ್ತಿರವಿತ್ತು, ಅದನ್ನೇ ಮೊದಲು ಕೊನೆಯವರೆಗೆ ತಿರುಗಿಸಿದೆ. ಮುಂದಿನದು ಹಿಡಿಯಲಿಲ್ಲ. ಅದುಮಿ ತಿರುಗಿಸಿದೆ. ನಿಂತಿತು. ಕಾಲು ಸುತ್ತು. ಅಕ್ಕನ ದೊಡ್ಡ ಪಂದ್ಯ, ಸಡಿಲವಾದರೆ ಏನು ಗತಿ? ಇನ್ನೊಂದು ಕಾಲು ಸುತ್ತು. ಎರಡೂ ಕೈ ಹಾಕಿ, ಹಲ್ಲು ಕಚ್ಚಿ ಇನ್ನೂ ಒಂದು. ಮರ ಕಿರ್ ಎಂದು ಸಣ್ಣಗೆ ಸದ್ದು ಮಾಡಿತು. ಆ ಸದ್ದು ನನಗೆ ಸಂತೋಷ ಕೊಟ್ಟಿತು. ಭಲೇ ಗೌತಮಿ ಅಂದುಕೊಂಡೆ.

ಅವ್ವ ಬಂದು ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ, ಈ ಸಲ ಗಂಟೆಯನ್ನು ಬಾಯಿ ತುಂಬ ಬಾರಿಸಿದಳು. ಅಪ್ಪ ಬರುವಷ್ಟರಲ್ಲಿ ಎಲ್ಲ ಒರೆಸಿ ಟ್ರಂಕಿಗೆ ಸೇರಿಸಿದ್ದಾಯಿತು.

ಮಾರನೇ ದಿನ, ವಿಜಯದಶಮಿಯಂದು, ಅಪ್ಪ ಬೂಟಿಗೆ ಪಾಲಿಶ್ ಹಾಕುತ್ತಾ ಅಕ್ಕನಿಗೆ ಕೊನೆಯ ಪಾಠ ಹೇಳುತ್ತಿದ್ದ. ನಾನು ಬನ್ಸ್ ತಿನ್ನುತ್ತಾ ಪಕ್ಕದಲ್ಲಿ ಕೂತಿದ್ದೆ.

"ಬಂದೂಕಿನ ಚಿಂತೆ ನಿನಗೆ ಬೇಡ. ನಾನು ಕೂರಿಸಿದೀನಿ. ಸ್ಕ್ರೂ ಜಾಸ್ತಿ ಬಿಗಿಯಾದ್ರೆ ಕಬ್ಬಿಣ ಸೊಟ್ಟಗಾಗುತ್ತೆ, ನಳಿಗೆ ಮರಕ್ಕೆ ತಾಗುತ್ತೆ. ಆಗ ಎಂಥ ಕೈಯಾದ್ರೂ ಗುಂಡು ಮಾತು ಕೇಳಲ್ಲ. ಅದನ್ನೆಲ್ಲ ನೋಡಿದೀನಿ. ನೀನು ಉಸಿರು ನೋಡ್ಕೋ, ಸಾಕು."

ಅರ್ಧ ಬನ್ಸ್ ತಟ್ಟೆಯಲ್ಲೇ ಬಿಟ್ಟೆ. ಎದ್ದು ಅಡುಗೆಮನೆಗೆ ಹೋದೆ. "ಅವ್ವಾ, ಬಂದೂಕು…" ಅಂದೆ. ಅವ್ವ ಗಾಬರಿಯಿಂದ ನನ್ನ ಬಾಯಿಗೆ ಹಿಟ್ಟಿನ ಕೈ ಅಡ್ಡ ಇಟ್ಟಳು.

"ಸುಮ್ಕಿರು! ಪೂಜೆ ಮಾಡಿದ್ದು ನಿಮ್ಮಪ್ಪಂಗೆ ಗೊತ್ತಾದ್ರೆ ಮನೇಲಿ ರಾಮಾಯಣ ಆಯ್ತದೆ."

ಅವಳು ಹೆದರಿದ್ದು ಕುಂಕುಮಕ್ಕೆ. ಸ್ಕ್ರೂ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ನಾನು ಅಪ್ಪನಿಗೆ ಹೇಳಿದರೆ ಅವ್ವ ಸಿಕ್ಕಿಬೀಳುತ್ತಾಳೆ, ಹೇಳದಿದ್ದರೆ ಅಕ್ಕ ಮುಳುಗುತ್ತಾಳೆ. ಹೀಗೆ ಬರೆದರೆ ನಾನು ದೊಡ್ಡ ಧರ್ಮಸಂಕಟದಲ್ಲಿದ್ದೆ ಎಂದು ನೀವು ಮರುಗಬಹುದು. ಮರುಗಬೇಡಿ. ಅವ್ವನ ನೆಪ ಸಿಕ್ಕಿದ್ದು ನನಗೆ ಅನುಕೂಲವೇ ಆಯಿತು. ನನಗಿದ್ದ ನಿಜವಾದ ಭಯ ಅಂದರೆ, ಅಪ್ಪ ಇನ್ನು ಮುಂದೆ ನನ್ನನ್ನು ಆ ಚಾಪೆಯ ಹತ್ತಿರಕ್ಕೂ ಬಿಡುವುದಿಲ್ಲ ಎಂಬುದು.

ಶನಿವಾರ ಮಧ್ಯಾಹ್ನದ ರೈಲಿಗೆ ಅಪ್ಪ, ಅಕ್ಕ ಹೊರಟರು. ಅವ್ವ ಸ್ಟೇಷನ್ನಿಗೇ ಬಂದು ಅಕ್ಕನ ಅಂಗೈಗೆ ಮೊಸರು ಸಕ್ಕರೆ ಹಾಕಿದಳು. ಅಕ್ಕ ಕಿಟಕಿಯ ಪಕ್ಕ ಕೂತು ರೈಫಲಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಅಪ್ಪ ನೀರು ಹಿಡಿಯಲು ಹೋಗಿದ್ದ. ನಾನು ಕಿಟಕಿಯ ಸರಳು ಹಿಡಿದೆ.

"ಅಕ್ಕಾ."

"ಏನೇ?"

"ಏನಿಲ್ಲ."

"ಏನು ತರಲಿ ಹಾಸನದಿಂದ?"

"ಏನೂ ಬ್ಯಾಡ."

ಅವಳು ನನ್ನ ಕೆನ್ನೆ ಹಿಂಡಿದಳು. ರೈಲು ಹೊರಟಿತು. ಆಗಲೂ ಓಡಿ ಹೋಗಿ ಕೂಗಬಹುದಿತ್ತು. ಕೂಗಲಿಲ್ಲ. ಅಷ್ಟು ಸಮಯವಿತ್ತು.

ಭಾನುವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ವಾಪಸ್ಸು ಬಂದರು. ಅಕ್ಕ ಯಾರ ಮುಖವನ್ನೂ ನೋಡದೆ ನಡುಮನೆಗೆ ಹೋಗಿ ಗೋಡೆಗೆ ತಿರುಗಿ ಮಲಗಿದಳು. ಮೊದಲ ಐದು ಗುಂಡು ಎಡಕ್ಕೆ ಮೇಲೆ ಹೋದವಂತೆ. ಅಳತೆ ತಿದ್ದಿಕೊಂಡು ಹೊಡೆದರೆ ಮುಂದಿನವು ಬಲಕ್ಕೆ. ನಳಿಗೆ ಬಿಸಿಯಾದಂತೆಲ್ಲ ದಿಕ್ಕು ಬದಲಾಯಿಸಿದವಂತೆ. ಎಂಟಾಣೆಯೊಳಗೆ ಐದು ಕೂರಿಸುತ್ತಿದ್ದ ಅಕ್ಕನ ಕಾಗದ ಇಲಿ ಕಡಿದಂತಾಗಿತ್ತು. ಅಪ್ಪ ಹಗ್ಗದಾಚೆ ಕೂತು ಎಲ್ಲ ನೋಡಿದ್ದ. ಬೂಟು ಬಿಚ್ಚಲಿಲ್ಲ, ನೀರು ಕುಡಿಯಲಿಲ್ಲ. ಚಾಪೆ ಹಾಸಿ, ರೈಫಲ್ ತೆಗೆದು, ಮುಂದಿನ ಸ್ಕ್ರೂಗೆ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದ. ಅಲ್ಲಾಡಲಿಲ್ಲ. ಮೊಣಕಾಲು ಕೊಟ್ಟು ತಿರುಗಿಸಿದ ಮೇಲೆ ಬಂತು.

"ಇದು ನನ್ನ ಕೈ ಅಲ್ಲ."

ಸ್ಕ್ರೂ ತೆಗೆದು ದೀಪಕ್ಕೆ ಹಿಡಿದ. ಅದರ ತಲೆಯ ಸೀಳಿನಲ್ಲಿ ಕೆಂಪಗೆ ಕುಂಕುಮ ಕೂತಿತ್ತು. ಮರ ಎತ್ತಿ ಮೂಸಿದ. ಕೊಬ್ಬರಿ ಎಣ್ಣೆ. ಸ್ಕ್ರೂ ಕೂರುವ ಕಡೆ ಮರ ಒಳಕ್ಕೆ ಕುಸಿದು ಒಂದು ಕೂದಲೆಳೆಯ ಬಿರುಕು ಬಿಟ್ಟಿತ್ತು.

"ಪೂಜೆ ಮಾಡಿದ್ದು ಸರಿ. ಬಿಚ್ಚಿದ್ದು ಯಾರು?"

ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. "ಬಿಚ್ಚಿದ್ದು" ಎಂದ ಕೂಡಲೇ ಅವಳ ಕಣ್ಣು ನನ್ನ ಕಡೆ ತಿರುಗಿತು. ಒಂದೇ ಕ್ಷಣ. ನಾನು ಬಾಗಿಲಿಗೆ ಅಂಟಿಕೊಂಡಿದ್ದೆ. ಅವಳಿಗೆ ಎಲ್ಲ ಗೊತ್ತಾಯಿತು. ಮತ್ತೆ ಅಪ್ಪನ ಕಡೆ ತಿರುಗಿದಳು.

"ನಾನೇ. ಒಳಗೂ ಎಣ್ಣೆ ಹಾಕೋಣ ಅಂತ ಬಿಚ್ಚಿದೆ."

"ನೀನಾ?"

"ಹೂಂ, ನಾನೇ ಅಂದ್ನಲ್ಲ."

ಅಪ್ಪ ಬೈಯಲಿಲ್ಲ. ಬೈದಿದ್ದರೆ ಒಂದು ವಾರದಲ್ಲಿ ಮುಗಿಯುತ್ತಿತ್ತು. ಎರಡೂ ಸ್ಕ್ರೂಗಳನ್ನು ಅವಳ ಮುಂದೆ ನೆಲದ ಮೇಲಿಟ್ಟು, "ನಿನ್ನ ಮಗಳ ಜೀವನ ಇಲ್ಲೈತೆ ನೋಡು" ಎಂದು ಎದ್ದು ಹೋದ. ಸೈನ್ಯಕ್ಕೆ ಹೋದ ಮೇಲೆ ಬಿಟ್ಟಿದ್ದ ಊರಿನ ಭಾಷೆ ಅವತ್ತು ಅವನ ಬಾಯಿಗೆ ಬಂದಿತ್ತು. ನಡುಮನೆಯಲ್ಲಿ ಅಕ್ಕ ಎಲ್ಲ ಕೇಳಿಸಿಕೊಂಡಳು.

ಬಚ್ಚಲೊಲೆಯ ಮುಂದೆ ಅವ್ವ ಉರಿ ಹಾಕುತ್ತಾ ಕೂತಿದ್ದಾಗ ಹೋಗಿ ಅವಳ ಬೆನ್ನಿಗೆ ಮುಖ ಒತ್ತಿ ಅತ್ತೆ. "ಅಪ್ಪಂಗೆ ಹೇಳ್ತೀನಿ" ಅಂದೆ.

"ಹೇಳೀಯೆ! ಹೇಳಿದ್ರೆ ನಿನ್ನ ಕೈಗೆ ಇನ್ಯಾವತ್ತೂ ಸಾಮಾನು ಕೊಡಾಕಿಲ್ಲ ಆ ಮನುಷ್ಯ. ಆ ಚಾಪೆ ಮುಂದೆ ಕೂತಾಗ ನಿನ್ನ ಮುಖ ಹೆಂಗಿರ್ತದೆ ಅಂತ ನಂಗೊತ್ತು. ನನಗೇನು, ಬೈಸ್ಕಳಾದು ಹೊಸದಾ? ಬಿಡು."

"ಅಕ್ಕ?"

ಅವ್ವ ಒಂದು ಕೊಳ್ಳಿಯನ್ನು ಒಲೆಯೊಳಕ್ಕೆ ತಳ್ಳಿದಳು.

"ಅವಳು ನಾಕು ದಿನ ಮುನಿಸ್ಕಂತಾಳೆ. ತಾಯಿ ಮೇಲೆ ಎಷ್ಟು ದಿನ ಮುನಿಸು?"

ಇಪ್ಪತ್ತೆಂಟು ವರ್ಷ. ಬೇಲೂರಿನ ಸಂಬಂಧ ಆ ಬೇಸಿಗೆಯಲ್ಲೇ ಕೂಡಿಬಂತು. ಮದುವೆಯಾದ ಮೇಲೆ ಅಕ್ಕ ಓದು ಮುಗಿಸಿ ಹಳೇಬೀಡಿನಲ್ಲಿ ಶಾಲೆಯ ಟೀಚರ್ ಆದಳು, ಮಕ್ಕಳಾದವು, ಭಾವ ಚಿನ್ನದಂಥ ಮನುಷ್ಯ. ಅವಳ ಬಾಳು ಹಾಳಾಗಲಿಲ್ಲ. ಆದರೆ ಅವಳು ಮತ್ತೆ ರೈಫಲ್ ಮುಟ್ಟಲಿಲ್ಲ, ಅವ್ವನ ಜೊತೆ ಬೇಕಾದಷ್ಟಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ. ಬಂದರೆ "ಚೆನ್ನಾಗಿದೀಯಾ", ಹೊರಟರೆ "ಬತ್ತೀನಿ". ಬಾಣಂತನಕ್ಕೆ ತವರಿಗೆ ಬಾರದೆ ಅತ್ತೆಮನೆಯಲ್ಲೇ ಉಳಿದಳು. ಅವ್ವ ಅಂಟಿನುಂಡೆ ಕಟ್ಟಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದಳು. ಗೆಂಡೆಹಳ್ಳಿಯ ಕುಂಕುಮದ ಭರಣಿ ಹಲಗೆಯ ಮೇಲಿಂದ ಟ್ರಂಕಿನ ತಳಕ್ಕೆ ಹೋಯಿತು. ನಮ್ಮ ಮನೆಯಲ್ಲಿ ಮತ್ತೆ ಕರ್ಪೂರದ ವಾಸನೆ ಬರಲಿಲ್ಲ.

ನನಗೆ ಮಾತ್ರ ಯೋಗ ಕೂಡಿಬಂತು. ಆ ಘಟನೆಯಾದ ಮುಂದಿನ ತಿಂಗಳೇ ಅಪ್ಪ ಒಂದು ಭಾನುವಾರ ಚಾಪೆಯ ಮೇಲೆ ಪೇರಲ ಹಿಡಿಯ ಸ್ಕ್ರೂಡ್ರೈವರನ್ನು ನನ್ನ ಕಡೆ ತಳ್ಳಿದ. ಬಿರುಕಿಗೆ ಅಂಟು ತುಂಬಿ ಒಣಗಿಸಿದ್ದ.

"ಹಿಡಿ. ಮುಂದಿನದು ಮೊದಲು. ನಿಮ್ಮವ್ವನ ಥರ ಮಾಡಬೇಡ."

ಅವ್ವ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ಅವತ್ತಿನಿಂದ ನಾನು ಬೆಂಗಳೂರಿಗೆ ತರಬೇತಿಗೆ ಹೋಗುವವರೆಗೆ, ನನ್ನ ಕೈ ಒಂದಿಷ್ಟು ಜೋರು ಮಾಡಿದರೂ ಅಪ್ಪನದು ಅದೇ ಮಾತು: "ನಿಮ್ಮವ್ವನ ಥರ ಮಾಡಬೇಡ." ನಾನು ಕಲಿತೆ. ಚೆನ್ನಾಗಿ ಕಲಿತೆ. ಐಟಿಐನಲ್ಲಿ ಫಿಟ್ಟರ್ ವಿಭಾಗಕ್ಕೆ ಸೇರಿದ ಒಬ್ಬಳೇ ಹುಡುಗಿ ನಾನು, ಆಮೇಲೆ ಅಂಥದೇ ಸಂಸ್ಥೆಯಲ್ಲಿ ಮೂವತ್ತು ವರ್ಷ ಕಲಿಸಿದೆ. ಪ್ರತಿ ವರ್ಷ ಹೊಸ ಹುಡುಗರಿಗೆ ಮೊದಲ ದಿನ ಹೇಳುತ್ತಿದ್ದದ್ದು ಒಂದೇ: ಬಿಗಿ ಅಂದರೆ ಬಲ ಅಲ್ಲ, ಅಳತೆ. ಹುಡುಗರು ಬರೆದುಕೊಳ್ಳುತ್ತಿದ್ದರು. ನನ್ನ ಸಂಬಳ, ನನ್ನ ಮನೆ, ಜನ ನನಗೆ ಕೊಡುವ ಮರ್ಯಾದೆ, ಎಲ್ಲವೂ ಅವ್ವ ಹೊಸ್ತಿಲಲ್ಲಿ ನಿಂತು ಹೇಳಿದ ಒಂದು ಸುಳ್ಳಿನ ಮೇಲೆ ನಿಂತಿವೆ.

ಅವ್ವ ಕೊನೆಯ ಸಲ ಆಸ್ಪತ್ರೆ ಸೇರಿದಾಗ ಅಕ್ಕ ಬೇಲೂರಿನಿಂದ ಬಂದಿದ್ದಳು. ನಾನು ಗಂಜಿಯ ಲೋಟ ಹಿಡಿದು ನಿಂತಿದ್ದೆ. ಅವ್ವ ಅಕ್ಕನ ಕೈ ಹುಡುಕಿ ಹಿಡಿದುಕೊಂಡಳು.

"ಸಾವಿತ್ರೀ, ನನ್ನಿಂದ ತಪ್ಪಾಯ್ತು ಕಣವ್ವ. ಆ ಸ್ಕ್ರೂ ನಾನು ಬಿಚ್ಚಬಾರದಾಗಿತ್ತು. ಮನಸಲ್ಲಿಟ್ಕಬ್ಯಾಡ."

ಹೇಳುತ್ತಾ ನನ್ನ ಕಡೆ ನೋಡಿದಳು, ಸುಮ್ಕಿರು ಎಂಬಂತೆ. ಸಾಯುವ ಹೊತ್ತಿನಲ್ಲೂ ನನ್ನನ್ನು ಕಾಯುತ್ತಿದ್ದಳು. ನಾನು, ನಲವತ್ತರ ಹತ್ತಿರ ಬಂದಿದ್ದ ಹೆಂಗಸು, ಸುಮ್ಮನಿದ್ದೆ. "ಹೋಗ್ಲಿ ಬಿಡವ್ವ" ಎಂದಳು ಅಕ್ಕ. ಎರಡು ದಿನಕ್ಕೆ ಅವ್ವ ಹೋದಳು. ಲೋಟದ ಗಂಜಿಯನ್ನು ಏನು ಮಾಡಿದೆನೋ ನನಗೆ ನೆನಪಿಲ್ಲ.

ಅಪ್ಪ ತೊಂಬತ್ತು ದಾಟಿ ಕಳೆದ ವರ್ಷ ತೀರಿಕೊಂಡ. ಅವನ ಜೊತೆ ಲೈಸೆನ್ಸೂ ಮುಗಿಯಿತು. ರೈಫಲ್ ತಂದು ಒಪ್ಪಿಸಿ ಎಂದು ಠಾಣೆಯಿಂದ ಹೇಳಿಕಳಿಸಿದರು. ಅಕ್ಕ ಬಂದಳು, ಮಂಡಿನೋವಿನ ಕಾಲು ಎಳೆದುಕೊಂಡು. ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಇಬ್ಬರೂ ಕೂತೆವು. ಒಪ್ಪಿಸುವ ಮುಂಚೆ ಒಂದು ಸಲ ಬಿಚ್ಚಿ ಒರೆಸಿ ಕೊಡೋಣ, ಅಪ್ಪ ಇದ್ದಿದ್ದರೆ ಹಾಗೇ ಮಾಡುತ್ತಿದ್ದ ಎಂದೆ. ಒರೆಸಿ ಮುಗಿದ ಮೇಲೆ ಜೋಡಿಸಲು ರೈಫಲನ್ನು ನೆಟ್ಟಗೆ ನಿಲ್ಲಿಸಿದೆ. ಮುಂದಿನದು, ಹಿಂದಿನದು. ಮತ್ತೆ ಮುಂದಿನದು. ಅಕ್ಕ ನನ್ನ ಕೈಯನ್ನೇ ನೋಡುತ್ತಿದ್ದಳು. ಇನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ಅಕ್ಕಾ, ಅವತ್ತು ಬಿಚ್ಚಿದ್ದು ಅವ್ವ ಅಲ್ಲ. ನಾನು."

ಅಕ್ಕ ಮರದ ಮೇಲಿನ ಹಳೆಯ ಬಿರುಕಿನ ಮೇಲೆ ಬೆರಳಾಡಿಸಿದಳು.

"ಗೊತ್ತು ಕಣೇ."

"ಯಾವಾಗಿಂದ?"

"ಅವತ್ತು ಸಂಜೆಯಿಂದ್ಲೇ. ಅವ್ವನಿಗೆ ಬಾಣಲೆ ಸ್ಕ್ರೂ ತಿರುಗಿಸೋಕೆ ಬರ್ತಿರಲಿಲ್ಲ. ಬಂದೂಕು ಬಿಚ್ಚುತ್ತಾಳಾ? ಅಪ್ಪನಿಗೂ ಗೊತ್ತಿತ್ತು. ಇಲ್ಲದಿದ್ರೆ ಮಾರನೇ ತಿಂಗಳೇ ನಿನ್ನ ಕೂರಿಸಿಕೊಂಡು ಯಾಕೆ ಕಲಿಸ್ತಿದ್ದ?"

ನಿಮ್ಮವ್ವನ ಥರ ಮಾಡಬೇಡ. ಎಷ್ಟು ವರ್ಷ ಅಂದಿದ್ದ ಆ ಮಾತನ್ನು, ಅವ್ವ ಕೇಳಿಸಿಕೊಳ್ಳುವಂತೆ!

"ಮತ್ತೆ ಅವ್ವನ ಜೊತೆ ಯಾಕೆ ಮಾತು ಬಿಟ್ಟೆ? ನನ್ನ ಜೊತೆ ಬಿಡಬೇಕಿತ್ತು."

"ನೀನು ಹನ್ನೊಂದು ವರ್ಷದ ಕೂಸು. ನಿನ್ನ ಜೊತೆ ಬಿಟ್ಟಿದ್ರೆ ನೀನು ಉಳೀತಿರಲಿಲ್ಲ. ಯಾರ ಮೇಲಾದ್ರೂ ಹಾಕಬೇಕಿತ್ತಲ್ಲ ಆ ಸಿಟ್ಟನ್ನ." ಅಕ್ಕನ ದನಿ ಒಡೆಯಿತು. "ಅವ್ವ ತಡ್ಕೊಳ್ತಾಳೆ ಅಂದ್ಕೊಂಡೆ."

ನಾನೂ ಅದನ್ನೇ ಅಂದುಕೊಂಡಿದ್ದೆ. ಅಪ್ಪನೂ ಅದನ್ನೇ ಅಂದುಕೊಂಡಿರಬೇಕು. ಯಾರಿಗೂ ಗೊತ್ತಿಲ್ಲ ಎಂದು ನಂಬಿ ಆ ಸುಳ್ಳನ್ನು ಆಸ್ಪತ್ರೆಯ ಮಂಚದವರೆಗೆ ಜೋಪಾನ ಮಾಡಿಕೊಂಡು ಹೋದವಳು ಅವ್ವ ಒಬ್ಬಳೇ. ನಾವು ಮೂವರೂ ತಿರುಗಿಸುತ್ತಲೇ ಹೋದೆವು. ಅವಳು ಕಿರ್ ಎಂದು ಕೂಡ ಅನ್ನಲಿಲ್ಲ. ಅಕ್ಕ, ನಾನು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು. ಗೂಡ್ಸ್ ಗಾಡಿ ಹೋಯಿತು, ಲೋಟಗಳು ಕಿಣಿಕಿಣಿ ಎಂದವು.

ಕೊನೆಯ ಕಾಲು ಸುತ್ತು ಉಳಿದಿತ್ತು. ಸ್ಕ್ರೂಡ್ರೈವರನ್ನು ಅಕ್ಕನಿಗೆ ಕೊಟ್ಟೆ. ಅವಳ ಕೈ ಈಗಲೂ ನಡುಗುವುದಿಲ್ಲ. ಮುಂದಿನದಕ್ಕೆ ಕಾಲು, ಹಿಂದಿನದಕ್ಕೆ ಕಾಲು. ಆಮೇಲೆ ಅವಳೇ ಎದ್ದು ಟ್ರಂಕಿನ ತಳದಿಂದ ಅವ್ವನ ಭರಣಿ ತೆಗೆದಳು. ಕುಂಕುಮ ಗಟ್ಟಿಯಾಗಿತ್ತು, ಉಗುರಿನಿಂದ ಕೆರೆದು ನೀರು ಸೋಕಿಸಿ ರೈಫಲಿನ ಮರಕ್ಕೆ ಅಗಲವಾದ ಒಂದು ಬೊಟ್ಟು ಇಟ್ಟಳು. ನಾನು ಬುದ್ಧನ ಪಟದ ಕಡೆ ನೋಡಿದೆ. ಅವನು ಏನೂ ಅನ್ನಲಿಲ್ಲ.

ಠಾಣೆಯಲ್ಲಿ ಸಣ್ಣ ವಯಸ್ಸಿನ ಕಾನ್‌ಸ್ಟೇಬಲ್ ಒಬ್ಬ ರೈಫಲನ್ನು ತಿರುಗಿಸಿ ನಂಬರ್ ಬರೆದುಕೊಂಡ. ಕೆಂಪು ಬೆರಳಿಗೆ ಹತ್ತಿತು.

"ಏನ್ ಮೇಡಂ, ಪೂಜೆ ಮಾಡ್ಕೊಂಡು ತಂದಿದೀರಾ? ಒರೆಸಿಬಿಡ್ಲಾ?"

"ಬೇಡಪ್ಪ, ಇರಲಿ" ಎಂದಳು ಅಕ್ಕ. "ನಮ್ಮವ್ವ ಇಟ್ಟಿದ್ದು."